ಖಾಡಿಗೆ ಬಿಟ್ಟ ಹುಲಿ ರೂಪಾಯಿ

ನಮ್ಮ ಕಡೆ ಸತ್ತವರ ಹಣೆಗೆ ಒಂದು ರೂಪಾಯಿ ಅಂಟಿಸಿ ಮಣ್ಣು ಮಾಡುತ್ತಾರೆ. ಮಣ್ಣು ಮುಚ್ಚಿದ ಮೇಲೆ ಆ ರೂಪಾಯಿಯ ಯೋಚನೆ ಯಾರಿಗೂ ಇರುವುದಿಲ್ಲ. ವಿಜಯಪುರದ ಕಡೆಯಿಂದ ಮುಂಬೈಗೆ ಬಂದ ನಮ್ಮ ಜನರಿಗೆ ಇಲ್ಲಿ ಮಣ್ಣು ಸಿಗಲಿಲ್ಲ, ಹೆಣ ಸುಡುವುದನ್ನು ಕಲಿತರು. ಹಣೆಯ ರೂಪಾಯಿಯನ್ನು ಮಾತ್ರ ಬಿಡಲಿಲ್ಲ. ಹೆಣ ಸುಟ್ಟು ಹೋಗುತ್ತದೆ, ರೂಪಾಯಿ ಉಳಿಯುತ್ತದೆ. ಅದನ್ನು ಏನು ಮಾಡಬೇಕೆಂದು ನಮ್ಮ ಹಿರಿಯರು ಹೇಳಿಟ್ಟಿರಲಿಲ್ಲ. ಅವರಿಗೆ ಆ ಪ್ರಶ್ನೆಯೇ ಬಂದಿರಲಿಲ್ಲ.

ನನಗೆ ಬಂತು. ಘಾಟ್ಕೋಪರ್ ಕಡೆಯ ಒಂದು ಸ್ಮಶಾನದಲ್ಲಿ ಮೂವತ್ತೆಂಟು ವರ್ಷ ಕಟ್ಟಿಗೆ ಒಟ್ಟಿ ಚಿತೆ ಕಟ್ಟಿದವನು ನಾನು. ಮಾರನೆಯ ದಿನ ಮನೆಯವರು ಬಂದು ಅಸ್ಥಿ ಆರಿಸಿಕೊಂಡು ಹೋದ ಮೇಲೆ ಬೂದಿ ಜರಡಿ ಹಿಡಿಯುವವನೂ ನಾನೇ. ಬೆಳ್ಳಿಯದಾದರೆ ಕರಗಿ ಗುಂಡಾಗಿರುತ್ತಿತ್ತು. ನಿಕ್ಕಲ್ಲಿನವು, ಉಕ್ಕಿನವು ಕಪ್ಪಾಗಿ ಹಾಗೆಯೇ ಸಿಗುತ್ತಿದ್ದವು. ರಾತ್ರಿಯೆಲ್ಲ ಕಳೆದರೂ ಅವುಗಳಲ್ಲಿ ಬಿಸಿ ಉಳಿದಿರುತ್ತಿತ್ತು. ಬಿಸಿಲಿನ ಬಿಸಿ ಬೇರೆ, ಒಲೆಯ ಬಿಸಿ ಬೇರೆ. ಇದು ಅಂಗೈಯಲ್ಲಿ ಹಿಡಿದಷ್ಟೂ ಒಳಗಿನಿಂದ ಏಳುವ ಬಿಸಿ.

ನಾನೇ ಒಂದು ಕಟ್ಟಳೆ ಮಾಡಿಕೊಂಡೆ. ಕೈಯಿಂದ ಬಂದದ್ದು ನನ್ನದು, ಬೂದಿಯಿಂದ ಬಂದದ್ದು ಖಾಡಿಯದು, ಊರ ಪಕ್ಕದ ಕಡಲ ಹಿನ್ನೀರಿನದು. ಬೂದಿಯಿಂದ ಬಂದ ನಾಣ್ಯ ಮತ್ತೆ ಬಜಾರಿಗೆ ಹೋಗಿ ಯಾರದೋ ಮನೆಯ ಹಾಲಿಗೆ, ಮಗುವಿನ ಪೆಪ್ಪರಮೆಂಟಿಗೆ ಖರ್ಚಾಗಬಾರದೆಂದು ಅದರ ಅಂಚಿಗೆ ಕಟ್ಟಿಗೆ ಸೀಳುವ ಚಾಣ ಇಟ್ಟು ಒಂದು ಏಟು ಹಾಕುತ್ತಿದ್ದೆ. ಗಾಯವಾದ ನಾಣ್ಯವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಆಮೇಲೆ ಹುಣ್ಣಿಮೆಗೊಮ್ಮೆ ದೋಣಿ ನಿಲ್ಲುವ ಖಾಡಿಯ ಧಕ್ಕೆಗೆ ಹೋಗಿ ನೀರಿಗೆ ಬಿಟ್ಟು ಬರುತ್ತಿದ್ದೆ.

ಕೈಯಿಂದ ಬಂದವು ಬೇರೆ. ಹಳೆಯ ಗುಜರಾತಿ ಮನೆತನದವರು, ಚಿತೆ ಚೆನ್ನಾಗಿ ಹೊತ್ತಿಕೊಂಡರೆ, ಕಟ್ಟಿದವನ ಕೈಗೆ ತಮ್ಮ ಮನೆಯ ಪೆಟ್ಟಿಗೆಯ ಒಂದು ಹಳೆಯ ರೂಪಾಯಿ ಇಡುತ್ತಿದ್ದರು. ಹಾಗೆ ಬಂದವು ಹದಿನೇಳು. ಬಿಸ್ಕೀಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟಿದ್ದೆ. ಯಾವುದು ಯಾರು ಕೊಟ್ಟದ್ದು, ಅಂದು ಮಳೆಯಿತ್ತೋ ಇಲ್ಲವೋ, ಎಲ್ಲ ನೆನಪಿದೆ. ನಾನು ಎರಡನೇ ಇಯತ್ತೆಯ ಆಚೆ ಓದಿಲ್ಲ. ಬರೆದಿಡಲು ಬಾರದವನು ನೆನಪಿಡಬೇಕಾಗುತ್ತದೆ.

ಆ ಡಬ್ಬಿ ಹೊರಗೆ ಬಂದದ್ದು ಹೋದ ವರ್ಷ. ನನ್ನ ಮಗಳು ಶಿವಕುಮಾರಿ ಗಂಡ ತೀರಿಕೊಂಡ ಮೇಲೆ ನನ್ನ ಜೊತೆ ಗುಡ್ಡದ ಚಾಳಿನಲ್ಲೇ ಇದ್ದಾಳೆ. ಬೆಳಗಿನ ನಾಲ್ಕಕ್ಕೆ ಎದ್ದು ಇನ್ನೂರು ಜೋಳದ ರೊಟ್ಟಿ ಬಡಿದು, ಬಸ್ಸಿನಲ್ಲಿ ಪವಾಯಿಗೆ ಹೊತ್ತುಕೊಂಡು ಹೋಗಿ, ಆಫೀಸುಗಳ ಗೇಟಿನ ಹೊರಗೆ ಕೂತು ಮಾರುತ್ತಾಳೆ. ವಾಚಮನ್ ಎಬ್ಬಿಸಿದರೆ ಏಳಬೇಕು. ಅಲ್ಲೇ ಒಂದು ಸಣ್ಣ ಗಾಳೆ, ಅಂಗಡಿಯ ಖೋಲಿ, ಬಾಡಿಗೆಗೆ ಸಿಗುವುದಿತ್ತು. ದೀಪಾವಳಿಯೊಳಗೆ ಡಿಪಾಜಿಟ್ ಕಟ್ಟಿದರೆ ಅವಳದು, ಇಲ್ಲವಾದರೆ ಮೊಮೊ ಮಾರುವವನದು.

"ಅಪ್ಪಾ, ನಲವತ್ತೊಂದು ಆತು ನನಗ," ಎಂದಳು ಒಂದು ದಿನ. "ಇನ್ನ ಎಷ್ಟ್ ದಿನ ಬುಟ್ಟಿ ಹೊರಲಿ?"

ನಾನು ಎದ್ದು ಡಬ್ಬಿ ತಂದು ಅವಳ ಮುಂದಿಟ್ಟೆ.

ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುವ ಚೆನ್ನಯನಿಗೆ ಹಳೆಯ ನಾಣ್ಯಗಳ ಹುಚ್ಚು. ಮೂವತ್ತು ವರ್ಷದಿಂದ ನಾನು ಬೆಳಗಿನ ಚಹಾ ಕುಡಿಯುವುದು ಅಲ್ಲೇ. ಡಬ್ಬಿ ತೆರೆದು ತೋರಿಸಿದೆವು. ಅವನು ಟಿಶ್ಯೂ ಕಾಗದದಲ್ಲಿ ಅಂಚು ಹಿಡಿದು ಒಂದೊಂದನ್ನೇ ತಿರುಗಿಸಿ, ಹತ್ತನ್ನು ಒಂದು ಬದಿಗೆ ಸರಿಸಿದ.

"ಇದೆಲ್ಲ ರಾಣಿಯದ್ದು. ನೂರು ವರ್ಷ ದಾಟಿದ್ದನ್ನು ದೇಶದ ಹೊರಗೆ ಕಳಿಸ್ಲಿಕ್ಕಿಲ್ಲ, ಕಾಯಿದೆ ಉಂಟು. ಇಲ್ಲಿಯವರಿಗೇ ಮಾರಿ, ಆದ್ರೆ ಹೆಚ್ಚು ಹುಟ್ಟುದಿಲ್ಲ." ಆಮೇಲೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. "ಕಾಶಪ್ಪಣ್ಣ, ಇದು ಮೂವತ್ತೊಂಬತ್ತನೇ ಇಸವಿದು. ಇದು ಎಲ್ಲಿ ಸಿಕ್ಕಿತು ನಿಮಗೆ?"

ಅದು ಎಂಬತ್ಮೂರನೇ ಇಸವಿಯ ಆಷಾಢದಲ್ಲಿ ಒಬ್ಬ ಮುದುಕಿ ಕೊಟ್ಟದ್ದು. ಅವಳ ಗಂಡನ ಹೆಣ ಬಂದಾಗ ಮೂರು ದಿನದ ಮಳೆ, ಕಟ್ಟಿಗೆಯೆಲ್ಲ ಹಸಿ. ನಮ್ಮ ಕೋಣೆಯ ಒಲೆಗೆಂದು ಇಟ್ಟಿದ್ದ ಒಣ ಕಟ್ಟಿಗೆ ತಂದು ಚಿತೆಯ ಹೊಟ್ಟೆಗೆ ಹಾಕಿದ್ದೆ. ಅವಳು ನೋಡಿದ್ದಳು. ಸೆರಗಿನ ಗಂಟು ಬಿಚ್ಚಿ, "ಮೇರೇ ಲಗ್ನ ಕಾ ಸಾಲ್ ಹೈ," ತನ್ನ ಮದುವೆಯಾದ ವರ್ಷದ್ದು ಎಂದು ಕೈಯಲ್ಲಿಟ್ಟು ಹೋದಳು.

"ಆ ವರ್ಷದ್ದು ಹೆಚ್ಚು ಉಳಿದೇ ಇಲ್ಲ ಮಾರಾಯ್ರೆ," ಎಂದ ಚೆನ್ನಯ. "ಇದೊಂದು ಸರಿಯಾದವನ ಕೈಗೆ ಹೋದ್ರೆ ಶಿವಕ್ಕನ ಗಾಳೆಯ ಡಿಪಾಜಿಟ್ ಬಂದ ಹಾಗೇ. ಆದ್ರೆ ಕೇಳಿ. ನಾಣ್ಯ ಮಾರುವ ವೆಬ್‌ಸೈಟ್ ಉಂಟು. ಹೊರದೇಶದವನ ಜೊತೆ ಮಾತು ಆ ವೆಬ್‌ಸೈಟಿನ ಒಳಗೇ ಆಗ್ಬೇಕು, ವಾಟ್ಸಾಪಿಗೆ ಬನ್ನಿ ಅಂದ್ರೆ ಅಲ್ಲಿಗೇ ಬಿಡಿ. ಪ್ಯಾಕ್ ಮಾಡುದನ್ನು ವಿಡಿಯೋ ತೆಗೀರಿ. ಪೋಸ್ಟಿನಲ್ಲಿ ಇನ್ಶೂರ್ ಮಾಡಿ ಕಳಿಸಿ. ದುಡ್ಡು ಬಂದಿದೆ ಅಂತ ಮೇಲ್ ಬಂದ್ರೆ ಬಂದ ಹಾಗಲ್ಲ, ಬ್ಯಾಂಕಿಗೆ ಬಂದು ಕೂತ್ರೆ ಬಂದ ಹಾಗೆ."

"ನಿಮ್ಮ ಇಡ್ಲಿಗಿಂತ ನಿಮ್ಮ ರೂಲ್ ಗಟ್ಟಿ ಅದಾವ ನೋಡ್ರಿ," ಎಂದಳು ಶಿವಕುಮಾರಿ.

"ಇಡ್ಲಿ ತಿಂದವ ಕಾಸು ಕೊಟ್ಟೇ ಹೋಗ್ತಾನೆ. ಇವರು ಹಾಗಲ್ಲ," ಎಂದ ಚೆನ್ನಯ.

ಉಳಿದ ಏಳರ ಫೋಟೋ ತೆಗೆದು ಶಿವಕುಮಾರಿ ಮೊಬೈಲಿನಲ್ಲಿ ಮಾರಾಟಕ್ಕೆ ಹಾಕಿದಳು. ಹತ್ತನೇ ದಿನಕ್ಕೆ ಕೆನಡಾದವನೊಬ್ಬ ಸಿಕ್ಕ. ಹೆಸರು ಮಾರ್ಟಿನ್ ಎಂದು ಇತ್ತು. ನಲವತ್ತೈದನೇ ಇಸವಿಯ ಒಂದು ಸಾದಾ ರೂಪಾಯಿ ಕೊಂಡ, ದುಡ್ಡು ಮೂರೇ ದಿನಕ್ಕೆ ಬ್ಯಾಂಕಿಗೆ ಬಂತು. ಇವಳು ವಿಡಿಯೋ ತೆಗೆದು, ಪೋಸ್ಟಿನಲ್ಲಿ ಎರಡು ತಾಸು ಸಾಲಿನಲ್ಲಿ ನಿಂತು ಕಳಿಸಿದಳು. ಆ ದಿನದ ರೊಟ್ಟಿ ಅರ್ಧ ಹಾಗೆಯೇ ವಾಪಸ್ ಬಂದವು.

ಆಮೇಲೆ ಅವನು ಹುಲಿ ರೂಪಾಯಿ ಕೇಳಿದ.

ಅದರ ಕಥೆ ಹೇಳಬೇಕು. ನಲವತ್ತೇಳನೇ ಇಸವಿಯ ನಿಕ್ಕಲ್ ರೂಪಾಯಿ, ಒಂದು ಬದಿಗೆ ರಾಜನ ತಲೆ, ಇನ್ನೊಂದು ಬದಿಗೆ ನಡೆಯುವ ಹುಲಿ. ಟಂಕಸಾಲೆಯಲ್ಲಿ ಕೆಲಸ ಮಾಡಿದ್ದ ಒಬ್ಬ ಮುದುಕನ ಮಗ ತೊಂಬತ್ತೊಂದರಲ್ಲಿ ನನಗೆ ಅಂಥವು ಎರಡು ಕೊಟ್ಟಿದ್ದ. ಒಂದೇ ಕಾಗದದಲ್ಲಿ ಸುತ್ತಿದ್ದವು, ಯಾರ ಕೈಯೂ ತಾಗದವು, ಕನ್ನಡಿಯಂತಿದ್ದವು. ಮನೆಗೆ ಒಯ್ದಾಗ ನನ್ನ ಹೆಂಡತಿ ಗುರುಬಾಯಿ ಎರಡನ್ನೂ ಎರಡು ಅಂಗೈಯಲ್ಲಿ ಇಟ್ಟುಕೊಂಡು ನೋಡಿದಳು.

"ಒಂದು ನಿಮಗ, ಒಂದು ನನಗ," ಎಂದಳು. ಅವಳದನ್ನು ಜೋಳದ ಡಬ್ಬಿಯ ತಳಕ್ಕೆ ಹಾಕಿದಳು. ನನ್ನದು ಬಿಸ್ಕೀಟಿನ ಡಬ್ಬಿಗೆ ಹೋಯಿತು.

ಎರಡು ಸಾವಿರದ ಐದರ ದೊಡ್ಡ ಮಳೆಯಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ನಡೆದು ಬಂದ ಗುರುಬಾಯಿ ಜ್ವರ ಹಿಡಿದು ಒಂಬತ್ತನೇ ದಿನ ಹೋದಳು. ಊರಿಗೆ ಒಯ್ಯಲು ದಾರಿಯಿರಲಿಲ್ಲ. ಮಣ್ಣಿಗೆ ಹೋಗಬೇಕಾದವಳಿಗೆ ನನ್ನ ಕೈಯಾರೆ ಚಿತೆ ಕಟ್ಟಿದೆ. ಜೋಳದ ಡಬ್ಬಿಯ ತಳದಿಂದ ಅವಳ ಹುಲಿ ರೂಪಾಯಿ ತೆಗೆದು ಹಣೆಗೆ ಹಚ್ಚಿದೆ. ಮರುದಿನ ಬೂದಿಯಲ್ಲಿ ಅದು ಸಿಕ್ಕಿತು. ಎಲ್ಲರ ನಾಣ್ಯಕ್ಕೂ ಮಾಡಿದಂತೆ ಇದಕ್ಕೂ ಚಾಣ ಇಟ್ಟೆ. ಏಟು ಅಂಚಿಗೆ ಬೀಳದೆ ಜಾರಿ ಹುಲಿಯ ಕುತ್ತಿಗೆಯಿಂದ ಬಾಲದವರೆಗೆ ಒಂದು ಗೀರು ಎಳೆಯಿತು. ಆಮೇಲೆ ಮತ್ತೊಂದು ಏಟು ಹಾಕಿದೆ, ಅದು ಅಂಚಿಗೆ ಬಿತ್ತು. ಅದೇ ಸಂಜೆ ಧಕ್ಕೆಗೆ ಹೋಗಿ ಖಾಡಿಗೆ ಬಿಟ್ಟೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಶಿವಕುಮಾರಿಗೂ.

ಉಳಿದ ನನ್ನ ಹುಲಿ ರೂಪಾಯಿಯನ್ನು ಕೆನಡಾದವನು ಕೇಳಿದಾಗ ಕೊಡು ಎಂದೆ. ಮಗಳಿಗೆ ಗಾಳೆ ಬೇಕಿತ್ತು.

ಈ ಸಲ ಅವನು ವಾಟ್ಸಾಪಿಗೆ ಬಂದ. ವೆಬ್‌ಸೈಟಿನವರು ಕಮಿಷನ್ ತಿನ್ನುತ್ತಾರೆ, ನಡುವೆ ದುಡ್ಡು ಹಿಡಿದಿಡುವ ಬೇರೆ ಕಂಪನಿ ಇದೆ, ನಾಣ್ಯ ತಲುಪಿದ ಕೂಡಲೇ ಅವರು ಬಿಡುತ್ತಾರೆ ಎಂದ. ಆ ಕಂಪನಿಯ ಮೇಲ್ ಬಂತು, ದುಡ್ಡು ಜಮಾ ಆಗಿದೆ ಎಂದು. ಪೋಸ್ಟಿಗೂ ಹೋಗಬೇಕಿಲ್ಲ, ಮುಂಬೈಯಲ್ಲಿ ನನ್ನ ಏಜೆಂಟ್ ಇದ್ದಾನೆ, ಮನೆಗೇ ಬಂದು ಒಯ್ಯುತ್ತಾನೆ ಎಂದ. ರೊಟ್ಟಿ ಹೊರುವವಳಿಗೆ ಆ ಮಾತು ಹಿತವಾಯಿತು. ಚೆನ್ನಯನಿಗೆ ಹೇಳಲಿಲ್ಲ, ಬೈಯುತ್ತಾನೆಂದು.

ಏಜೆಂಟ್ ಬಂದದ್ದು ಮಧ್ಯಾಹ್ನ ಮೂರಕ್ಕೆ. ನಮ್ಮ ಚಾಳಿನ ಮೆಟ್ಟಿಲು ತಿರುಗುವಲ್ಲಿ ನಿಂತ, ಮೇಲೆ ಬರಲಿಲ್ಲ. ತಲೆಗೆ ಕಪ್ಪು ಗಾಜಿನ ಹೆಲ್ಮೆಟ್, ಕೈಗೆ ಕೈಗವಸು, ಬೆರಳೂ ಕಾಣುತ್ತಿರಲಿಲ್ಲ. ಗಾಜಿನಲ್ಲಿ ನನ್ನ ಮುಖವೇ ಸಣ್ಣದಾಗಿ ಕಂಡಿತು. ಪೊಟ್ಟಣ ಇಸಕೊಂಡು ಇಳಿದು ಹೋದ. ಶಿವಕುಮಾರಿ ವಿಡಿಯೋ ತೆಗೆಯುವುದನ್ನು ಮರೆತಿದ್ದಳು.

ಹದಿನೈದು ದಿನ ಕಳೆಯಿತು. ಒಂದು ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಶಿವಕುಮಾರಿ ಹಿಟ್ಟಿನ ಕೈಯಲ್ಲೇ ಮೊಬೈಲ್ ಹಿಡಿದು ಕೂತಿದ್ದಳು.

"ಏನವ್ವಾ?"

"ಕೆನಡಾದಾಂವ ಜಗಳಾ ತೆಗದಾನ. ನೀವು ಫೋಟೋದಾಗ ತೋರಿಸಿದ್ದು ಬ್ಯಾರೆ, ಕಳಿಸಿದ್ದು ಬ್ಯಾರೆ ಅಂತಾನ. ವಾಪಸ್ ಕಳಸ್ತಾನಂತ."

"ಏನ್ ಬ್ಯಾರೆ ಐತಂತ?"

ಅವಳು ಮತ್ತೊಮ್ಮೆ ಓದಿದಳು. "ಸುಟ್ಟಿದ್ದು ಅಂತಾನ. ನೀವು ನನಗ ಸುಟ್ಟ ನಾಣ್ಯ ಕಳಿಸೀರಿ ಅಂತಾನ."

ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಕೆಳಗಿಟ್ಟೆ.

ಎರಡು ದಿನದ ಮೇಲೆ, ಆಫೀಸುಗಳಿಗೆ ರಜೆಯಿದ್ದ ಭಾನುವಾರ, ಪೊಟ್ಟಣ ಬಂತು. ಯಾರು ತಂದರೋ ನೋಡಲಿಲ್ಲ, ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಹೋಗಿದ್ದರು. ಶಿವಕುಮಾರಿ ಬ್ಲೇಡಿನಿಂದ ಕೊಯ್ದು ಬಿಚ್ಚಿ, ನಾಣ್ಯವನ್ನು ಅಂಗೈಗೆ ಸುರಿದುಕೊಂಡು, ತಟ್ಟನೆ ನೆಲಕ್ಕೆ ಬಿಟ್ಟಳು.

"ಬಿಸಿ ಐತಿ," ಎಂದಳು. ಆಮೇಲೆ ತಾನೇ ಸಮಾಧಾನ ಹೇಳಿಕೊಂಡಳು. "ಬಾಗಲಕ್ಕ ಬಿಸಲು ಬಡದಿತ್ತಲ್ಲ."

ನಮ್ಮ ಬಾಗಿಲಿಗೆ ಬಿಸಿಲು ಬೀಳುವುದು ಸಂಜೆ ಐದರ ಮೇಲೆ. ಆಗ ಹನ್ನೊಂದು ಗಂಟೆ.

ನಾನು ಬಾಗಿ ಎತ್ತಿಕೊಂಡೆ. ಕಪ್ಪು ಹುಲಿ. ಕುತ್ತಿಗೆಯಿಂದ ಬಾಲದವರೆಗೆ ಗೀರು. ಅಂಚಿಗೆ ಒಂದು ಗಾಯ. ಉಪ್ಪುನೀರು ತಿಂದು ರಾಜನ ಮೂಗು ಸವೆದಿತ್ತು. ಇಪ್ಪತ್ತು ವರ್ಷದ ಹಿಂದೆ ನನ್ನ ಅಂಗೈಯಲ್ಲಿ ಎಷ್ಟು ಬಿಸಿಯಿತ್ತೋ ಅಷ್ಟೇ ಬಿಸಿ.

"ಮೋಸಾ ಮಾಡ್ಯಾನ ಅಪ್ಪಾ," ಎನ್ನುತ್ತಿದ್ದಳು ಶಿವಕುಮಾರಿ. "ನಮ್ದು ಹೊಳಿಯುವಂಥದ್ದು ಇಟಗೊಂಡು ಇಂಥಾ ಕೊಳಕು ಕಳಸ್ಯಾನ." ಅಷ್ಟರಲ್ಲಿ ಮೊಬೈಲ್ ಸದ್ದು ಮಾಡಿತು. ಓದಿ ಅವಳ ಮುಖ ಸಡಿಲಾಯಿತು. "ಇಲ್ಲ, ತಡಿ. ಏನೋ ತಪ್ಪಾಗಿರಬೇಕು, ನಾನು ಸಿಟ್ಟು ಬಿಟ್ಟೀನಿ ಅಂತಾನ. ಮೂವತ್ತೊಂಬತ್ತರದ್ದು ಕೊಟ್ಟರ ಎರಡಕ್ಕೂ ಕೂಡೇ ರೊಕ್ಕ ಬಿಡಸ್ತೀನಿ ಅಂತ. ನಾಳೆ ಮೂರಕ್ಕ ಏಜೆಂಟ್ ಬರ್ತಾನ."

"ಕೊಡೂದು ಬ್ಯಾಡ."

"ದೀಪಾವಳಿಗೆ ಎಂಟು ದಿನ ಐತಿ. ಹುಲೀ ರೊಕ್ಕ ಅವನ ಕೈಯಾಗ ಸಿಕ್ಕಂಡೈತಿ."

"ಶಿವವ್ವಾ, ಇದು ನಿಮ್ಮವ್ವನ ಹಣೀದು."

ಅವಳು ನನ್ನನ್ನೇ ನೋಡಿದಳು. ಎಲ್ಲ ಹೇಳಿದೆ. ಹೇಳಿ ಮುಗಿಸಿದಾಗ ತವೆಯ ಮೇಲಿನ ರೊಟ್ಟಿ ಸುಟ್ಟು ಕರಕಲಾಗಿತ್ತು. ಅವಳು ಒಲೆ ಆರಿಸಿದಳು. "ಗೀರು ಯಾವ ನಾಣ್ಯಕ್ಕರ ಬೀಳಬಹುದು ಅಪ್ಪಾ," ಎಂದಳು ಮೆಲ್ಲಗೆ. "ವಯಸ್ಸಾಗೇತಿ ನಿನಗ."

ಅವಳ ಮಾತು ನ್ಯಾಯದ್ದೇ. "ಚಾಣ ಕೇಳೂಣು ನಡಿ," ಎಂದೆ.

ಸ್ಮಶಾನದಲ್ಲಿ ನನ್ನ ಜಾಗಕ್ಕೆ ಬಂದವನು ಶರಣ. ಕಟ್ಟಿಗೆಯ ಶೆಡ್ಡಿನಲ್ಲಿ ಕೂತು ಬುತ್ತಿ ಉಣ್ಣುತ್ತಿದ್ದ. ಹಳೆಯ ಚಾಣ ಎಲ್ಲಿ ಎಂದಾಗ ಹಗ್ಗದ ಸಿಂಬೆಯ ಕೆಳಗಿನಿಂದ ಎಳೆದು ಕೊಟ್ಟ. ಅದರ ಬಾಯಿಯ ಒಂದು ಮೂಲೆ ಮುಕ್ಕಾಗಿದೆ, ನನ್ನ ಕಾಲದಲ್ಲೇ ಆದದ್ದು. ಅದರಿಂದ ಏಟು ಹಾಕಿದರೆ ಗಾಯ ಒಂದು ಬೀಳುವುದಿಲ್ಲ, ಒಂದು ಅಗಲದ್ದು, ಪಕ್ಕದಲ್ಲೇ ದಾರದಷ್ಟು ಸಣ್ಣದು ಇನ್ನೊಂದು ಬೀಳುತ್ತದೆ. ಶಿವಕುಮಾರಿಯ ಕೈಗೇ ಎರಡನ್ನೂ ಕೊಟ್ಟೆ. ಅವಳು ಚಾಣದ ಬಾಯನ್ನು ನಾಣ್ಯದ ಅಂಚಿನ ಗಾಯಕ್ಕೆ ಇಟ್ಟಳು. ಕೀಲಿಗೆ ಕೀಲಿಕೈ ಕೂತಂತೆ ಕೂತಿತು. ಆಮೇಲೆ ಹುಲಿಯ ಬೆನ್ನಿನ ಗೀರಿನ ಪಕ್ಕ ಉಗುರು ಆಡಿಸಿದಳು. ಅಲ್ಲಿಯೂ ದಾರದಷ್ಟು ಸಣ್ಣ ಗೀರಿತ್ತು.

ಅವಳು ನಾಣ್ಯವನ್ನು ಸೆರಗಿನ ತುದಿಯಿಂದ ಹಿಡಿದು ನನಗೆ ವಾಪಸ್ ಕೊಟ್ಟಳು.

"ಖಾಡಿಗೆ ಬಿಟ್ಟಿದ್ದು ಕೆನಡಾಕ್ಕ ಹೆಂಗ ಹೋತು ಶರಣಾ?" ಎಂದೆ.

ಶರಣ ಬಾಯಲ್ಲಿದ್ದ ತುತ್ತು ನುಂಗಿದ. "ಹೋಗಿಲ್ರಿ ಕಾಕಾ. ಈಗ ನೀರು ಇಳಿದಾಗ ಧಕ್ಕೆ ಮ್ಯಾಲಿಂದ ಹುಡುಗರು ಹಗ್ಗಕ್ಕ ಮ್ಯಾಗ್ನೆಟ್ ಕಟ್ಟಿ ಬಿಡ್ತಾರ. ಉಕ್ಕು, ನಿಕ್ಕಲ್ಲು ಎಲ್ಲಾ ಅಂಟಗೊಂಡು ಬರ್ತಾವ. ಗೋರೆಗಾಂವ್ ಕಡಿಂದ ಯಾವನೋ ಒಬ್ಬ ಬಂದು ಕಿಲೋ ಲೆಕ್ಕದಾಗ ಒಯ್ತಾನಂತ. ಹೆಲ್ಮೆಟ್ ತೆಗೆಯೂದಿಲ್ಲಂತ ಅಂವ, ಹುಡುಗರು ಭೂತ ಅಂತ ಕರೀತಾರ."

ಶಿವಕುಮಾರಿ ಕಟ್ಟಿಗೆಯ ಮೇಲೆ ಕೂತಳು. ಕೆನಡಾ ಎನ್ನುವುದು ಲೋಕಲ್ ಹಿಡಿದರೆ ಒಂದು ತಾಸಿನ ದಾರಿ ಎಂದು ಅವಳಿಗೂ ತಿಳಿಯಿತು. ಮೊದಲ ನಾಣ್ಯಕ್ಕೆ ದುಡ್ಡು ಕೊಟ್ಟದ್ದು ನಮ್ಮನ್ನು ನಂಬಿಸಲು. ನಮ್ಮ ಹೊಳೆಯುವ ಹುಲಿ ರೂಪಾಯಿ ಸಮುದ್ರ ದಾಟಿರಲಿಲ್ಲ. ಹೆಲ್ಮೆಟ್ಟಿನವನು ಅದನ್ನು ಇಟ್ಟುಕೊಂಡು, ಅದೇ ಜಾತಿಯ ಒಂದು ಹಾಳು ನಾಣ್ಯವನ್ನು ತನ್ನ ಚೀಲದಿಂದ ಹೆಕ್ಕಿ ನಮಗೆ ಹಾಕಿದ್ದ. ಅಲ್ಲಿಯವರೆಗೆ ಲೆಕ್ಕ ಸರಿಯಾಗಿಯೇ ಇತ್ತು. ಚೀಲದಲ್ಲಿ ಕೈ ಹಾಕಿದಾಗ ಇದೇ ಏಕೆ ಬಂತು ಎಂಬುದು ಮಾತ್ರ ಆ ಲೆಕ್ಕಕ್ಕೆ ಸಿಗಲಿಲ್ಲ.

ಚೆನ್ನಯ ಎಲ್ಲ ಕೇಳಿ ಬೈಯಲಿಲ್ಲ. ಮೊಬೈಲ್ ಇಸಕೊಂಡು ಮೆಸೇಜುಗಳನ್ನೆಲ್ಲ ಫೋಟೋ ಹಿಡಿದು, ಸೈಬರ್ ದೂರಿನ ನಂಬರಿಗೆ ಫೋನ್ ಮಾಡಿಸಿ, ದುಡ್ಡು ಹಿಡಿದಿಡುವ ಆ ಕಂಪನಿ ಕಂಪನಿಯೇ ಅಲ್ಲ, ಮೊನ್ನೆ ಮೊನ್ನೆ ಹುಟ್ಟಿದ ಪುಟ ಎಂದು ತೋರಿಸಿದ. "ನಾಳೆ ಅವ ಬರ್ಲಿ. ನಮ್ಮ ಹೋಟೆಲಿನ ನಾಲ್ಕು ಜನರನ್ನು ಮೆಟ್ಟಿಲಿನ ಕೆಳಗೆ ನಿಲ್ಲಿಸ್ತೇನೆ, ಹಿಡಿದು ಪೊಲೀಸ್ ಚೌಕಿಗೆ ಕೊಡುವ," ಎಂದ.

"ಮೊದಲ ನಾ ಮಾತಾಡ್ತೀನಿ," ಎಂದೆ. "ಅಂವ ಮೂವತ್ತೊಂಬತ್ತರದ್ದು ಒಯ್ಯಾಕ ನೋಡಿದರ ನೀವು ಹಿಡೀರಿ. ಬರೀ ಕೈಯಾಗ ಹ್ವಾದರ ಬಿಟ್ಟಬಿಡ್ರಿ."

"ಬಿಟ್ಟರೆ ನಿಮ್ಮ ಹುಲಿ ಹೋಯ್ತಲ್ಲ?"

"ಹೋಗಲಿ. ಅವನ ಮನ್ಯಾಗ ಬ್ಯಾರೆಯವರ ಹಣೀವು ಅದಾವ. ಅವು ವಾಪಸ್ ಬರಬೇಕು."

ಚೆನ್ನಯ ನನ್ನ ಮುಖ ನೋಡಿ, ಆಗಲಿ ಎಂದ.

ಮರುದಿನ ಮೂರಕ್ಕೆ ಚೆನ್ನಯ ಮತ್ತು ಶಿವಕುಮಾರಿ ಒಳಗೆ ಬಾಗಿಲ ಹಿಂದೆ ನಿಂತರು. ಮೂವತ್ತೊಂಬತ್ತರ ರೂಪಾಯಿ ಶಿವಕುಮಾರಿಯ ಮುಷ್ಟಿಯಲ್ಲಿತ್ತು. ನಾನು ಮೆಟ್ಟಿಲಿನ ಮೇಲೆ ಕೂತೆ. ಅವನು ಬಂದ. ತಿರುವಿನಲ್ಲಿ ನಿಂತು ಕೈ ಚಾಚಿದ.

ನಾನು ಪೊಟ್ಟಣ ಕೊಡದೆ ಅಂಗೈ ತೆರೆದೆ. ಗುರುಬಾಯಿಯ ಹುಲಿ ಅಲ್ಲಿತ್ತು.

"ಯೇ ನಹೀಂ," ಎಂದ. ಹೆಲ್ಮೆಟ್ಟಿನೊಳಗಿಂದ ದನಿ ಬಾವಿಯಿಂದ ಬಂದಂತೆ ಬಂತು. "ದೂಸರಾ ವಾಲಾ. ಉನ್ತಾಲೀಸ್ ಕಾ." ಅವನಿಗೆ ಬೇಕಾದದ್ದು ಮೂವತ್ತೊಂಬತ್ತರದ್ದು.

"ಇದನ್ನ ನೋಡು ಮೊದಲು," ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. "ಇದು ನನ್ನ ಹೆಂಡತಿಯ ಹಣೆಯ ಮೇಲೆ ಇದ್ದದ್ದು. ಅವಳನ್ನು ಸುಟ್ಟ ಬೂದಿಯಿಂದ ತೆಗೆದು ಖಾಡಿಗೆ ಬಿಟ್ಟಿದ್ದೆ. ಈ ಗಾಯ ನನ್ನ ಕೈಯಿಂದ ಆದದ್ದು. ಸತ್ತವರ ನಾಣ್ಯ ಬಜಾರಿಗೆ ಹೋಗಬಾರದು ಅಂತ ಎಲ್ಲದಕ್ಕೂ ಹಿಂಗ ಗಾಯ ಮಾಡ್ತಿದ್ದೆ. ಮೂವತ್ತೆಂಟು ವರ್ಷ."

ಅವನು ಅಲುಗಲಿಲ್ಲ. ಕಪ್ಪು ಗಾಜಿನಲ್ಲಿ ನನ್ನ ಮುಖದ ಪಕ್ಕಕ್ಕೆ ಬಾಗಿಲು ಕಾಣುತ್ತಿತ್ತು. ಬಾಗಿಲಲ್ಲಿ ಯಾರೋ ಹೆಂಗಸು ನಿಂತಂತೆ ಕಂಡಿತು. ಶಿವಕುಮಾರಿ ಹೊರಗೆ ಬಂದಳೆಂದು ತಿರುಗಿ ನೋಡಿದೆ. ಬಾಗಿಲು ಮುಚ್ಚಿತ್ತು.

ಅವನೂ ನನ್ನ ಹಿಂದೆಯೇ ನೋಡುತ್ತಿದ್ದ. ನಿಧಾನವಾಗಿ ಗಾಜು ಮೇಲೆತ್ತಿದ. ಮೂವತ್ತರ ಆಸುಪಾಸಿನ ಸಾದಾ ಮುಖ. ನಿದ್ದೆಗೆಟ್ಟ ಕಣ್ಣು.

"ಸಬ್ ಪೇ ನಿಶಾನ್ ಹೈ, ಚಾಚಾ," ಎಂದ. "ಪೂರಾ ಥೈಲಾ. ಏಕ್ ಬಡೀ ಲಕೀರ್, ಬಾಜೂ ಮೇ ಏಕ್ ಛೋಟೀ." ಚೀಲದ ನಾಣ್ಯಗಳಿಗೆಲ್ಲ ಅದೇ ಜೋಡಿ ಗಾಯ. "ಖಾಟ್ ಕೇ ನೀಚೇ ರಖಾ ಹೈ. ರಾತ್ ಭರ್ ಗರಮ್ ರಹತಾ ಹೈ. ಮೈಂ ಸಮಝಾ ಮಶೀನ್ ಕಾ ಮಾಲ್ ಹೋಗಾ." ಮಂಚದ ಕೆಳಗೆ ರಾತ್ರಿಯೆಲ್ಲ ಬಿಸಿಯಿರುವ ಆ ಚೀಲವನ್ನು ಯಂತ್ರದಿಂದ ಗುರುತು ಬಿದ್ದ ಮಾಲೆಂದುಕೊಂಡಿದ್ದ.

"ಎಲ್ಲಾ ಹಣೆಯವು," ಎಂದೆ.

ಅವನು ಚಾಚಿದ್ದ ಕೈಯನ್ನು ಎಳೆದುಕೊಂಡ. ಕೈಗವಸು ತೆಗೆದು ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಮತ್ತೆ ಒರೆಸಿಕೊಂಡ. ಆಮೇಲೆ ಮೆಟ್ಟಿಲು ಇಳಿದು ಹೋದ. ಬರಿಗೈಯಲ್ಲಿ ಬಂದವನನ್ನು ಕೆಳಗಿನವರು ಮಾತಿನಂತೆ ಬಿಟ್ಟರು. ಅವನ ಮುಖ ನೋಡಿ ತಾವಾಗಿಯೇ ದಾರಿ ಬಿಟ್ಟೆವು ಎಂದು ಆಮೇಲೆ ಹೇಳಿದರು. ಕೆನಡಾ ಎಂದರೆ ಅವನೊಬ್ಬನೇನಾ, ಅವನ ಮೇಲೆ ಇನ್ನೊಬ್ಬನಿದ್ದನಾ, ನಾನು ಕೇಳಲಿಲ್ಲ. ಅಂದು ಸಂಜೆಯೇ ಮಾರ್ಟಿನ್ ಎಂಬ ಹೆಸರು ಮೊಬೈಲಿನಿಂದ ಕಾಣೆಯಾಯಿತು.

ಬಾಗಿಲು ತೆರೆದು ಶಿವಕುಮಾರಿಯನ್ನು ಕೇಳಿದೆ. "ನಡುವ ಹೊರಗ ಬಂದಿದ್ದೇನು?"

"ಇಲ್ಲಲ್ಲ. ಚೆನ್ನಯಣ್ಣ ಕೈ ಹಿಡದು ನಿಲ್ಲಿಸಿದ್ದ," ಎಂದಳು.

ಚೆನ್ನಯ ಮೂವತ್ತೊಂಬತ್ತರ ರೂಪಾಯಿಯನ್ನು ಮುಂಬೈಯ ಫೋರ್ಟ್ ಪ್ರದೇಶದಲ್ಲಿ ಹರಾಜು ನಡೆಸುವ ತನ್ನ ಪರಿಚಯದವರ ಕೈಗೆ, ರಸೀದಿ ಬರೆಸಿ ಕೊಡಿಸಿದ. ಅವರು ಪರೀಕ್ಷೆ ಮಾಡಿಸಿ, ಪೆಟ್ಟಿಗೆಯಲ್ಲಿ ಮುಚ್ಚಿ ಮಾರಿದರು. ಕೊಂಡವನು ಹೊರದೇಶದವನೇ, ಸಿಂಗಾಪುರದವನಂತೆ. ದುಡ್ಡು ಬ್ಯಾಂಕಿಗೆ ಬಂದು ಕೂತದ್ದು ದೀಪಾವಳಿ ಮುಗಿದ ಮೇಲೆ. ಆದರೆ ರಸೀದಿ ನೋಡಿ ಗಾಳೆಯ ಮಾಲೀಕ ಕಾದ. ಮೊಮೊದವನಿಗೆ ಪಕ್ಕದ ಗಾಳೆ ಸಿಕ್ಕಿತು. ಈಗ ಶಿವಕುಮಾರಿ ನಾಲ್ಕಕ್ಕೆ ಏಳುವುದಿಲ್ಲ. ಆರಕ್ಕೆ ಪವಾಯಿಗೆ ಹೋಗಿ ಅಲ್ಲೇ ರೊಟ್ಟಿ ಬಡಿಯುತ್ತಾಳೆ. ವಾಚಮನ್ ಬಂದು ಉಂಡು ಹೋಗುತ್ತಾನೆ.

ಇದೆಲ್ಲ ಆಮೇಲಿನ ಮಾತು. ಹೆಲ್ಮೆಟ್ಟಿನವನು ಹೋದ ನಾಲ್ಕನೇ ಬೆಳಿಗ್ಗೆ ಬಾಗಿಲು ತೆರೆದಾಗ ಹೊಸ್ತಿಲ ಹೊರಗೆ ಒಂದು ಸಿಮೆಂಟಿನ ಚೀಲ ಇತ್ತು. ಬಾಯಿ ತಂತಿಯಿಂದ ಬಿಗಿದಿತ್ತು. ಮೇಲೆ, ಹೊಸ ಕಾಗದದಲ್ಲಿ ಸುತ್ತಿದ ನಮ್ಮ ಹೊಳೆಯುವ ಹುಲಿ ರೂಪಾಯಿ. ಚೀಲದ ಮೇಲೆ ಕೈಯಿಟ್ಟೆ. ಮಲಗಿದ ಮನುಷ್ಯರ ಮೈಯಂತೆ ಬೆಚ್ಚಗಿತ್ತು.

ಶಿವಕುಮಾರಿಯೂ ಕೈಯಿಟ್ಟಳು. ಈ ಸಲ ಬಿಸಿಲಿನ ಮಾತು ಆಡಲಿಲ್ಲ.

"ಖಾಡಿಗೆ ಬ್ಯಾಡ ಅಪ್ಪಾ," ಎಂದಳು. "ಮತ್ತ ತೆಗೀತಾರ."

ನನಗೂ ಗೊತ್ತಿತ್ತು. ಇಷ್ಟು ವರ್ಷ ನಾನು ನೀರಿಗೆ ಕೊಟ್ಟದ್ದೇ ತಪ್ಪು. ಬೆಂಕಿ ನಮ್ಮ ಕಟ್ಟಳೆಯಲ್ಲ, ನೀರೂ ನಮ್ಮ ಕಟ್ಟಳೆಯಲ್ಲ. ಹಣೆಗೆ ರೂಪಾಯಿ ಹಚ್ಚಿದವರು ಅದನ್ನು ಮಣ್ಣಿಗೆ ಹೋಗಲೆಂದು ಹಚ್ಚಿದ್ದರು. ಅದೊಂದನ್ನು ನಾನು ಮರೆತಿದ್ದೆ.

ಸ್ಮಶಾನದ ಹಿಂಗೋಡೆಯ ಹತ್ತಿರ ಎಳೆ ಕೂಸುಗಳನ್ನು ಹೂಳುವ ಒಂದು ಪಟ್ಟಿ ಜಾಗವಿದೆ. ಅಲ್ಲಿ ಸುಡುವುದಿಲ್ಲ. ಶರಣ ಮೊಣಕಾಲುದ್ದ ಗುಂಡಿ ತೋಡಿದ. ನಾನು ಚೀಲ ಬಿಚ್ಚಿ ಒಂದೊಂದೇ ನಾಣ್ಯ ಎತ್ತಿ ಕೊಟ್ಟೆ, ಶಿವಕುಮಾರಿ ಕೆಳಗಿಟ್ಟಳು. ನೆನಪಾದ ಹೆಸರು ಹೇಳಿದೆ. ಸಾಯನ್‌ನಲ್ಲಿ ಗೋಡೆ ಬಿದ್ದು ಹೋದ ಗೌಂಡಿ. ಹೆರಿಗೆಯಲ್ಲಿ ಹೋದ ಹುಡುಗಿ, ಹತ್ತೊಂಬತ್ತು ವರ್ಷ. ಒಂದೇ ವಾರದಲ್ಲಿ ಬಂದ ಅಣ್ಣತಮ್ಮಂದಿರು. ಲೋಕಲ್‌ನಿಂದ ಬಿದ್ದವನು, ಅವನ ಹಣೆ ಸಿಗದೆ ಎದೆಯ ಮೇಲೆ ಇಟ್ಟಿದ್ದರು. ಹೆಸರು ನೆನಪಾಗದವರಿಗೆ ಅಂದಿನ ದಿನ ಹೇಳಿದೆ, ಮಳೆಯೋ ಬಿಸಿಲೋ ಹೇಳಿದೆ. ಮೂರು ತಾಸು ಹಿಡಿಯಿತು. ಶರಣ ನಡುವೆ ಎದ್ದು ಹೋಗಲಿಲ್ಲ.

ಕೊನೆಗೆ ಗುರುಬಾಯಿಯದು ಉಳಿಯಿತು. ಅದನ್ನು ನಾನೇ ಇಳಿದು ಇಟ್ಟೆ. ಇಟ್ಟ ಮೇಲೆ ಕಿಸೆಯಿಂದ ನನ್ನದನ್ನೂ ತೆಗೆದೆ, ಹೊಳೆಯುವ ಹುಲಿ. ಶಿವಕುಮಾರಿ ನನ್ನ ಮಣಿಕಟ್ಟು ಹಿಡಿದಳು.

"ಅದು ನಿನ್ನದು. ಅವ್ವ ಹೇಳಿಲ್ಲೇನು, ಒಂದು ನಿಮಗ ಅಂತ. ಇಟಗೋ. ಮುಂದ ಬೇಕಾಗತೈತಿ."

ಇಟ್ಟುಕೊಂಡೆ. ಈಗಲೂ ಬಿಸ್ಕೀಟಿನ ಡಬ್ಬಿಯಲ್ಲಿದೆ. ಅದು ಮಾರಾಟಕ್ಕಿಲ್ಲ, ಅದನ್ನು ಎಲ್ಲಿ ಹಚ್ಚಬೇಕು, ಆಮೇಲೆ ಎಲ್ಲಿ ಹೂಳಬೇಕು ಎಂದು ಶಿವಕುಮಾರಿಗೂ ಶರಣನಿಗೂ ತೋರಿಸಿದ್ದೇನೆ.

ಶರಣ ಮಣ್ಣು ಎಳೆದು ತುಳಿದ. ಬಿಸಿಲು ನೆತ್ತಿಯ ಮೇಲಿತ್ತು, ಸುತ್ತಲಿನ ನೆಲ ಕಾಲು ಸುಡುತ್ತಿತ್ತು. ನಾನು ಬಾಗಿ ಆ ಹೊಸ ಮಣ್ಣಿನ ಮೇಲೆ ಅಂಗೈ ಊರಿದೆ. ತಣ್ಣಗಿತ್ತು.